ನಗುವಿಗೂ ಒಂದು ಮೈಕ್ ಬೇಕು

ನನ್ನ ಕಾಮಿಡಿ ಶೋವನ್ನು ಆಡಿಯೊ ಆಲ್ಬಮ್ ಮಾಡೋಣ ಅಂತ ಮೊದಲ ಸಲ ರೆಕಾರ್ಡ್ ಮಾಡಿದ್ದು ಪೂರ್ತಿ ವೇಸ್ಟ್ ಆಯಿತು. ಹಾಸನದಲ್ಲೇ ಒಂದು ಚಿಕ್ಕ ಹಾಲ್, 80 ಜನ, ಚೆನ್ನಾಗೇ ನಕ್ಕರು. ನನ್ನ ಮೈಕ್ ಸೇರಿಸಿದ್ದ ಸೌಂಡ್ ಮಿಕ್ಸರ್‌ನಿಂದ ಒಂದು ವೈರ್ ಎಳೆದು ರೆಕಾರ್ಡರ್‌ಗೆ ಕೊಟ್ಟಿದ್ದೆ, ಅಷ್ಟೇ. ಮನೆಗೆ ಬಂದು ಕೇಳಿದರೆ ನನ್ನ ಮಾತು ಸ್ಪಷ್ಟ, ನಗು ಮಾತ್ರ ಪಕ್ಕದ ಮನೆ ಟಿವಿಯಿಂದ ಬಂದ ಹಾಗೆ. ಚಿಕ್ಕಂದಿನಲ್ಲಿ ಗಂಗಾವತಿ ಪ್ರಾಣೇಶ್ ಅವರ ಕ್ಯಾಸೆಟ್ ಹಾಕಿದಾಗ ಅರ್ಥವಾಗದ ಮಾತಿಗೂ ನಾವು ನಗುತ್ತಿದ್ದೆವು. ಕ್ಯಾಸೆಟ್ ಒಳಗಿನ ಜನ ನಗುತ್ತಿದ್ದರಲ್ಲ, ಅದಕ್ಕೆ.

ಎರಡನೇ ಸಲ ಶನಿವಾರ, ಭಾನುವಾರ ಎರಡು ಶೋ ಇಟ್ಟೆ. ಅವೇ ಜೋಕುಗಳು, ಅದೇ ಅಂಗಿ. (ಆಡಿಯೊಗೆ ಅಂಗಿ ಯಾಕೆ ಅಂತ ಕೇಳಬೇಡಿ.) ಸ್ಟೇಜಿನ ಎರಡು ಮೂಲೆಯಲ್ಲಿ ಜನರ ಕಡೆ ತಿರುಗಿಸಿ ಎರಡು ಮೈಕ್, ಹಿಂದಿನ ಸಾಲಿನ ಹತ್ತಿರ ಇನ್ನೊಂದು. ಎಲ್ಲಕ್ಕೂ ಬೇರೆ ಬೇರೆ ಟ್ರ್ಯಾಕ್. ಲೆವೆಲ್ ಕಮ್ಮಿಯೇ ಇಡಿ. ಟೆಸ್ಟ್ ಮಾಡುವಾಗ ಹಾಲ್ ಖಾಲಿ ಇರುತ್ತೆ, ಆಮೇಲೆ ಚಪ್ಪಾಳೆ ಬಿದ್ದರೆ ಸೌಂಡ್ ಒಡೆಯುತ್ತೆ.

ಹಿಂದಿನ ಮೈಕ್ ಒಂದು ತರಲೆ ಮಾಡಿತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. 10 ಮೀಟರ್ ಆಚೆಯ ಮೈಕಿಗೆ ನನ್ನ ಮಾತು ಮುಟ್ಟುವಾಗ 29 ಮಿಲಿಸೆಕೆಂಡ್ ತಡ. ಹಾಗೇ ಸೇರಿಸಿದರೆ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತೆ. ಪುಣ್ಯಕ್ಕೆ ಶೋ ಶುರುವಿಗೆ ಮೊದಲು ಸ್ಟೇಜ್ ಮೇಲೆ ಒಂದು ಸಲ ಜೋರಾಗಿ ಕೈ ತಟ್ಟಿದ್ದೆ. ಆ ಏಟು ಎಲ್ಲ ಟ್ರ್ಯಾಕಲ್ಲೂ ಒಂದೇ ಕಡೆ ಕೂರುವ ಹಾಗೆ ಸರಿಸಿದೆ.

ಸಕಲೇಶಪುರದ ತೋಟದಲ್ಲಿ ಆನೆ ಕಂಡು ನಮ್ಮ ಮಾವ ಓಡಿದ್ದನ್ನು ಶನಿವಾರ ಸುಮ್ನೆ ಅಭಿನಯಿಸಿ ತೋರಿಸಿದ್ದೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಕಿವಿಯಲ್ಲಿ ಕೇಳಿದರೆ ಏನೂ ಇಲ್ಲ, ಧಪ ಧಪ ಕಾಲಿನ ಸದ್ದು, ಆಮೇಲೆ ನಗು! ಭಾನುವಾರ ಒಂದು ಮಾತು ಸೇರಿಸಿದೆ: ‘ಮಾವ ಮನೆಗೆ ಬಂದ್ರು, ಪಂಚೆ ಮಾತ್ರ ಇನ್ನೂ ಆನೆ ಹತ್ರಾನೇ ಇದೆ.’ ಆಲ್ಬಮ್ಮಿನಲ್ಲಿ ಭಾನುವಾರದ್ದೇ ಇದೆ.

ಎಡಿಟಿಂಗಿಗೆ ಮೂರು ವಾರ ಹಿಡಿಯಿತು. ನಗುವಿನ ಮಧ್ಯೆ ಕತ್ತರಿ ಹಾಕಲಿಲ್ಲ, ಅದು ಆರುವವರೆಗೂ ಬಿಟ್ಟೆ. ಅಪ್‌ಲೋಡ್ ಏನು, ಒಂದು ಸಂಜೆಯ ಕೆಲಸ.

ಜಾಸ್ತಿ ನಗು ಬಂದಿದ್ದು ಅಪ್ಪನ ಜೋಕಿಗೆ. ‘ಹಾಸನಾಂಬೆ ಗುಡಿ ಬಾಗಿಲು ವರ್ಷಕ್ಕೊಂದ್ಸಲ ತೆಗೀತಾರೆ, ನಮ್ಮಪ್ಪನ ಪರ್ಸೂ ಅಷ್ಟೇ. ಅಲ್ಲಿ ದೀಪ ಆರಿರಲ್ಲ ಅಂತಾರೆ, ಇಲ್ಲಿ ನೋಟಿನ ಮಡಿಕೆ ಬಿಟ್ಟಿರಲ್ಲ.’ ಮನೆಯಲ್ಲಿ ಅಪ್ಪನಿಗೆ ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿಸಿದೆ. ಒಂದ್ಸಲವೂ ನಗಲಿಲ್ಲ. ತೆಗೆದಿಟ್ಟು ಕೇಳಿದರು, ‘ಹಾಲ್ ಬಾಡಿಗೆ ಎಷ್ಟಾಯ್ತೋ?’