ಅಪ್ಪನ ಟ್ರಂಕ್ ತೆರೆಯುವ ಮೊದಲು

ನಿಮ್ಮಪ್ಪನೂ ಸೇನೆಯಲ್ಲಿದ್ದವರಾ? ಹಾಗಿದ್ದರೆ ಪದಕಗಳನ್ನು ಬ್ರಾಸೋ (ಲೋಹದ ಪಾಲಿಶ್) ಹಾಕಿ ಉಜ್ಜಬೇಡಿ. ಅಂಚಿನಲ್ಲೋ ಹಿಂಬದಿಯಲ್ಲೋ ಸರ್ವಿಸ್ ನಂಬರ್, ಹೆಸರು ಸಣ್ಣದಾಗಿ ಕೊರೆದಿರುತ್ತದೆ, ಉಜ್ಜಿದಷ್ಟೂ ಸವೆಯುತ್ತದೆ. ನಮ್ಮಪ್ಪನದು ಪೂರ್ವಿ ಸ್ಟಾರ್. ಅಂದರೆ 1971ರ ಪಾಕಿಸ್ತಾನ ಯುದ್ಧದಲ್ಲಿ ಪೂರ್ವದ ಕಡೆ ಇದ್ದರು. ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್.

ನನ್ನ ಪ್ರಕಾರ ಪದಕಕ್ಕಿಂತ ಪತ್ರಗಳೇ ಜಾಸ್ತಿ ಬೆಲೆಯವು. ವಿಳಾಸದಲ್ಲಿ 56 ಎ.ಪಿ.ಒ., 99 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಅಂತಷ್ಟೇ ಇರುತ್ತದೆ, ಊರಿನ ಹೆಸರೇ ಇರುವುದಿಲ್ಲ. ಅದಕ್ಕೇ ಅಪ್ಪ ಆಗ ಎಲ್ಲಿದ್ದರು ಅಂತ ಹುಡುಕಲು ಅಂಚೆ ಮುದ್ರೆಯ ತಾರೀಕು ಮುಖ್ಯ. ಇನ್‌ಲ್ಯಾಂಡ್ ಪತ್ರವನ್ನು ಪೂರ್ತಿ ಬಿಡಿಸಿ, ವಿಳಾಸದ ಮಗ್ಗುಲನ್ನೂ ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ, ಆಮೇಲೆ ಬಿಡಿಸಲು ಆಗುವುದಿಲ್ಲ. ಫೋಟೋ ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು.

ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ದಾಖಲೆ), ಪಿಪಿಒ (ಪೆನ್ಷನ್ ಪಾವತಿ ಆದೇಶ) ಬೇರೆಯೇ ಇಡಿ. ಅಮ್ಮನ ಫ್ಯಾಮಿಲಿ ಪೆನ್ಷನ್‌ಗೆ ಬೇಕಾಗುತ್ತವೆ.

ಅಪ್ಪ ಜೊತೆಗಿದ್ದರೆ ಇನ್ನೂ ಒಳ್ಳೆಯದು. "ಯುದ್ಧದ ಕಥೆ ಹೇಳಿ" ಅಂದರೆ ಸುಮ್ಮನಾಗಿಬಿಡುತ್ತಾರೆ, ಅಲ್ವಾ? ಗ್ರೂಪ್ ಫೋಟೋ ಒಂದನ್ನು ಕೈಗೆ ಕೊಟ್ಟು, "ಇವರ ಊರು ಯಾವುದು? ಲಂಗರ್‌ನಲ್ಲಿ (ಸೈನಿಕರ ಅಡುಗೆಮನೆಯಲ್ಲಿ) ಏನು ಊಟ?" ಅಂತ ಕೇಳಿ. ಮೊಬೈಲ್ ರೆಕಾರ್ಡರ್ ಆನ್ ಇರಲಿ, ಅವರಿಗೆ ಹೇಳಿಯೇ.