ಮಾಳಿಗೆಯ ಮೇಲಿನ ಫೋನು, ಮನೆಯೊಳಗಿನ ನೆಟ್ಟು

ನಮ್ಮ ಓಣಿಯಲ್ಲಿ ಹಾಟ್‌ಸ್ಪಾಟ್ ಆನ್ ಮಾಡು ಅಂತ ಯಾರೂ ಕೇಳುವುದಿಲ್ಲ. "ಜರಾ ನೆಟ್ ಬಿಡೋ ತಮ್ಮಾ" ಅನ್ನುತ್ತಾರೆ, ನಳಕ್ಕೆ ನೀರು ಬಿಟ್ಟ ಹಾಗೆ. ಮೊದಮೊದಲು ನಗು ಬರುತ್ತಿತ್ತು. ಎರಡು ವರ್ಷ ಒಂದೇ ಸಿಮ್ಮಿನಿಂದ ಮನೆಯ ನಾಲ್ಕು ಫೋನುಗಳಿಗೆ ನೆಟ್ ಹಂಚಿದ ಮೇಲೆ ಅವರ ಮಾತೇ ಸರಿ ಅನಿಸಿದೆ. ನೀರಿನ ಟಾಕಿ ಎಲ್ಲಿ ಇಡಬೇಕು, ಪೈಪು ಎಲ್ಲಿ ಸೋರುತ್ತಿದೆ, ಇವೆರಡು ಗೊತ್ತಾದರೆ ಮುಗಿಯಿತು. ಉಳಿದದ್ದೆಲ್ಲ ಬಟನ್ ಒತ್ತುವ ಕೆಲಸ.

ನಮ್ಮೂರು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ಹೊಳೆಯ ಕಡೆ. ಮನೆ ಮುತ್ಯಾ, ಅಂದರೆ ಅಜ್ಜ, ಕಟ್ಟಿಸಿದ್ದು. ನೆಲಕ್ಕೂ ಶಹಾಬಾದಿ ಕಲ್ಲು, ಗೋಡೆಗೂ ಅದೇ, ಮೇಲೆ ಹೊದಿಸಿದ್ದೂ ಅದೇ. ಗೋಡೆ ಒಂದೂವರೆ ಮೊಳ ದಪ್ಪ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದರೂ ಪಡಸಾಲೆಯಲ್ಲಿ ಮಧ್ಯಾಹ್ನ ನಿದ್ದೆ ಬರುತ್ತದೆ. ಆದರೆ ಬಿಸಿಲನ್ನು ತಡೆಯುವ ಗೋಡೆ ಟವರಿನ ಸಿಗ್ನಲ್ಲನ್ನೂ ತಡೆಯುತ್ತದೆ. ಒಳಗೆ ಒಂದು ಕಡ್ಡಿ, ಕೆಲವೊಮ್ಮೆ ಅದೂ ಇಲ್ಲ. ಮಾಳಿಗೆ ಹತ್ತಿದರೆ ನಾಲ್ಕೂ ಕಡ್ಡಿ. ಅದಕ್ಕೇ ನಮ್ಮನೆಯಲ್ಲಿ ಯಾರಿಗೆ ಫೋನ್ ಬಂದರೂ "ಹಲೋ ಹಲೋ" ಅನ್ನುತ್ತಾ ಮೆಟ್ಟಿಲು ಹತ್ತುವುದು ರೂಢಿ.

ತಂಗಿ ಸಿಇಟಿಗೆ ಓದಲು ಶುರು ಮಾಡಿದಾಗ ಇದು ನಡೆಯದಾಯಿತು. ಸಂಜೆ ಆರಕ್ಕೆ ಆನ್‌ಲೈನ್ ಕ್ಲಾಸು. ನಾನು ಅವಳ ಪಕ್ಕದಲ್ಲೇ ಕೂತು ನನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಡುತ್ತಿದ್ದೆ. ಹತ್ತು ನಿಮಿಷಕ್ಕೊಮ್ಮೆ ಅವಳದು ಒಂದೇ ಮಾತು. "ಅಣ್ಣಾ, ಸರ್ ಮಾರಿ ಮತ್ತ ಜಾಮ್ ಆಗ್ಯಾದ."

ಅವಳ ಫೋನಿನಲ್ಲಿ ನೋಡಿದರೆ ವೈಫೈ ಗುರುತು ತುಂಬಿಕೊಂಡಿರುತ್ತಿತ್ತು. ಹಾಗಾದರೆ ತೊಂದರೆ ಎಲ್ಲಿ? ನನಗೆ ಹೊಳೆಯಲು ಒಂದು ವಾರ ಬೇಕಾಯಿತು. ಹಾಟ್‌ಸ್ಪಾಟ್ ಕೊಡುವ ಫೋನು ಎರಡು ಕೆಲಸ ಮಾಡುತ್ತದೆ. ದೂರದ ಟವರಿನಿಂದ ಮೊಬೈಲ್ ಡೇಟಾ ತರುತ್ತದೆ. ತಂದದ್ದನ್ನು ವೈಫೈ ಮಾಡಿ ಹತ್ತಿರದವರಿಗೆ ಹಂಚುತ್ತದೆ. ತಂಗಿಯ ಫೋನಿನಲ್ಲಿ ಕಾಣುತ್ತಿದ್ದ ಗುರುತು ಈ ಎರಡನೆಯದರದ್ದು, ಅಂದರೆ ನನಗೂ ಅವಳಿಗೂ ನಡುವಿನ ಮೂರು ಅಡಿಯದ್ದು. ನನ್ನ ಫೋನಿಗೆ ಟವರಿನಿಂದ ಏನು ಬರುತ್ತಿದೆ ಅಂತ ಅದು ಹೇಳುವುದಿಲ್ಲ. ಟಾಕಿಯೇ ಖಾಲಿ ಇರುವಾಗ ನಳ ಎಷ್ಟು ದೊಡ್ಡದಿದ್ದರೇನು?

ಹಾಗಾಗಿ ಫೋನನ್ನು ನಮ್ಮ ಹತ್ತಿರ ಇಟ್ಟುಕೊಳ್ಳುವುದು ಬಿಟ್ಟು, ಸಿಗ್ನಲ್ ಇರುವ ಕಡೆ ಇಡಬೇಕು. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಆದರೆ ನಾನು ನೋಡಿದ ಹತ್ತು ಮನೆಯಲ್ಲಿ ಒಂಬತ್ತರಲ್ಲಿ ಹಾಟ್‌ಸ್ಪಾಟ್ ಕೊಡುವವರು ಜೇಬಿನಲ್ಲೇ ಫೋನ್ ಇಟ್ಟುಕೊಂಡಿರುತ್ತಾರೆ.

ಮನೆಯಲ್ಲಿ ಗಾಜು ಒಡೆದ ಹಳೆಯ 4ಜಿ ಫೋನೊಂದು ಬಿದ್ದಿತ್ತು. ನನ್ನ ಸಿಮ್ ತೆಗೆದು ಅದಕ್ಕೆ ಹಾಕಿದೆ. ಮಾಳಿಗೆಗೆ ಹೋಗುವ ಮೆಟ್ಟಿಲಿನ ತುದಿಯಲ್ಲಿ ಬಾಗಿಲಿನ ಪಕ್ಕ ಗೋಡೆಯಲ್ಲೊಂದು ಮಾಡ ಇದೆ, ಹಿಂದೆ ದೀಪ ಇಡುತ್ತಿದ್ದದ್ದು. ಅಲ್ಲಿಟ್ಟರೆ ಬಾಗಿಲಿನಿಂದ ಟವರ್ ಸಿಗುತ್ತದೆ, ಮೆಟ್ಟಿಲ ಸಂದಿಯಿಂದ ವೈಫೈ ಕೆಳಗೆ ಇಳಿಯುತ್ತದೆ. ಕಲ್ಲನ್ನು ತೂರಿ ಬರುವುದಕ್ಕಿಂತ ತೆರೆದ ಜಾಗದಲ್ಲಿ ಇಳಿದು ಬರುವುದು ಅದಕ್ಕೂ ಸುಲಭ ಅಲ್ವಾ! ಅವತ್ತು ಸಂಜೆ ಸರ್ ಮಾರಿ ಒಮ್ಮೆಯೂ ಜಾಮ್ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನಿಗೆ ದುಡ್ಡು ಕಳಿಸಲು ಹೋದೆ. ಬ್ಯಾಂಕಿನ ಓಟಿಪಿ ಬರಲೇ ಇಲ್ಲ. ಎರಡು ಸಲ ಮತ್ತೆ ಕಳಿಸು ಅಂತ ಒತ್ತಿದ ಮೇಲೆ ನೆನಪಾಯಿತು. ಸಿಮ್ ಮೇಲಿದೆ, ಓಟಿಪಿಯೂ ಮೇಲೆ ಬಂದು ಕೂತಿದೆ. ಓಡಿ ಮೆಟ್ಟಿಲು ಹತ್ತಿ ನೋಡುವಷ್ಟರಲ್ಲಿ ಅದರ ಟೈಮ್ ಮುಗಿದಿತ್ತು. ಯಾರಾದರೂ ಫೋನ್ ಮಾಡಿದರೂ ರಿಂಗಾಗುವುದು ಮಾಡದಲ್ಲೇ. ಹಳೆಯ ಫೋನನ್ನು ಹಾಟ್‌ಸ್ಪಾಟಿಗೆ ಇಡುವವರು ಇದನ್ನು ಮೊದಲೇ ಯೋಚಿಸಿ. ನಿಮ್ಮ ಬ್ಯಾಂಕಿಗೆ, ಆಧಾರಿಗೆ ಜೋಡಿಸಿದ ಸಿಮ್ ನಿಮ್ಮ ಕೈಯಲ್ಲೇ ಇರಲಿ. ಡೇಟಾಕ್ಕೆ ಬೇರೆ ಸಿಮ್ ಹಾಕಿ.

ಬೇರೆ ಸಿಮ್ ಅಂದರೆ ಖರ್ಚು ಜಾಸ್ತಿ ಅಂತ ಅವ್ವ ಹೌಹಾರಿದಳು. ಲೆಕ್ಕ ಹಾಕಿದರೆ ಉಲ್ಟಾ ಆಯಿತು. ಮೊದಲು ನಾಲ್ಕು ಜನಕ್ಕೂ ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಮಾಡಿಸುತ್ತಿದ್ದೆವು. ಅವ್ವ ದಿನಕ್ಕೆ ನೂರು ಎಂಬಿ ಮುಗಿಸಿದರೆ ಹೆಚ್ಚು, ಉಳಿದದ್ದು ರಾತ್ರಿ ಹನ್ನೆರಡಕ್ಕೆ ಸುಮ್ನೆ ಹೋಗುತ್ತಿತ್ತು. 2024ರ ಡಿಸೆಂಬರಿನಲ್ಲಿ ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ ನಿಯಮ ತಿದ್ದಿ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜನ್ನೂ ಕಂಪನಿಗಳು ಕೊಡಬೇಕು ಅಂತ ಮಾಡಿತು. ಅವು ಬಂದ ಮೇಲೆ ಅವ್ವ, ಅಪ್ಪ ಇಬ್ಬರಿಗೂ ಅದನ್ನೇ ಹಾಕಿಸಿದೆ. ಅಪ್ಪ ಹೊಲಕ್ಕೆ ಹೋದಾಗ ಅವರ ಫೋನಿಗೆ ನೆಟ್ ಇರುವುದಿಲ್ಲ, ಅದೊಂದು ಕೊರತೆ. ಅವರು ಮಾತ್ರ "ಭಾಳ ಛಲೋ ಆಯ್ತು ಬಿಡು" ಅಂದುಬಿಟ್ಟರು.

ಸೆಟ್ಟಿಂಗಿನ ವಿಷಯ ಹೆಚ್ಚು ಹೇಳುವುದಿಲ್ಲ. ಆಂಡ್ರಾಯ್ಡಿನಲ್ಲಿ 'ಹಾಟ್‌ಸ್ಪಾಟ್ ಆ್ಯಂಡ್ ಟೆದರಿಂಗ್', ಐಫೋನಿನಲ್ಲಿ 'ಪರ್ಸನಲ್ ಹಾಟ್‌ಸ್ಪಾಟ್'. ಹೆಸರು, ಪಾಸ್‌ವರ್ಡ್ ಕೊಟ್ಟರೆ ಶುರು. ಆದರೆ ಎರಡು ಕಡೆ ನಾನು ಎಡವಿದ್ದೇನೆ. ಒಂದು, ಬ್ಯಾಂಡ್, ಅಂದರೆ ವೈಫೈ ಯಾವ ತರಂಗದಲ್ಲಿ ಹೋಗಬೇಕು ಅನ್ನುವುದು. ನಾನು ಸ್ಪೀಡಿನ ಆಸೆಗೆ 5 ಗಿಗಾಹರ್ಟ್ಜ್ ಇಟ್ಟಿದ್ದೆ. ಅಪ್ಪನ ಹಳೆಯ ಫೋನಿಗೆ ಹಾಟ್‌ಸ್ಪಾಟ್ ಹೆಸರೇ ಕಾಣಲಿಲ್ಲ, ಅದಕ್ಕೆ 2.4 ಮಾತ್ರ ಗೊತ್ತು. ಗೋಡೆ ದಾಟುವುದರಲ್ಲೂ 2.4 ಗಟ್ಟಿ. 5 ಎದುರಿಗೆ ಕೂತರೆ ಓಡುತ್ತದೆ, ಗೋಡೆ ಅಡ್ಡ ಬಂದರೆ ಸುಸ್ತು. ಅಡುಗೆಮನೆಗೆ ಹೋದರೆ ಕಟ್ಟಾಗುತ್ತಿತ್ತು. 2.4ಕ್ಕೆ ಬದಲಿಸಿದ ಮೇಲೆ ಅವ್ವ ಒಲೆ ಮುಂದೆ ಕೂತೇ ಭಜನೆ ಕೇಳುತ್ತಾಳೆ. ಈಚಿನ ಐಫೋನುಗಳಲ್ಲಿ ಇದಕ್ಕೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಅಂತ ಒಂದು ಬಟನ್ ಇದೆ. ಎರಡು, ಯಾರೂ ಜೋಡಿಸಿಕೊಳ್ಳದಿದ್ದರೆ ಕೆಲವು ನಿಮಿಷಕ್ಕೆ ಹಾಟ್‌ಸ್ಪಾಟ್ ತಾನೇ ಆಫ್ ಆಗುವ ವ್ಯವಸ್ಥೆ ಆಂಡ್ರಾಯ್ಡಿನಲ್ಲಿದೆ. ಕೈಯಲ್ಲಿರುವ ಫೋನಿಗೆ ಅದು ಒಳ್ಳೆಯದೇ. ಮೆಟ್ಟಿಲ ತುದಿಯ ಫೋನಿಗಾದರೆ ದಿನಕ್ಕೆ ಹತ್ತು ಸಲ ಹತ್ತಿಳಿಯಬೇಕು. ಅದನ್ನು ತೆಗೆದುಬಿಟ್ಟೆ.

ಇನ್ನು ಸೋರಿಕೆಯ ಕಥೆ. ಇದರಲ್ಲೇ ನನಗೆ ಜಾಸ್ತಿ ಪೆಟ್ಟು ಬಿದ್ದದ್ದು.

ಹೊಸ ಸಿಮ್ಮಿಗೆ ದಿನಕ್ಕೆ 2 ಜಿಬಿ. ನಾಲ್ಕು ಜನಕ್ಕೆ ಸಾಕು ಅಂದುಕೊಂಡಿದ್ದೆ. ಕಾಕಾನ ಮಗನ ಮದುವೆ ಮುಗಿದ ಮರುದಿನ ಬೆಳಿಗ್ಗೆ ಎಂಟೂವರೆಗೇ ಕೋಟಾ ಮುಗಿದ ಮೆಸೇಜ್ ಬಂತು. ಆಮೇಲೆ ಸ್ಪೀಡು 64 ಕೆಬಿಪಿಎಸ್. ಕೇಳಲು ದೊಡ್ಡ ಅಂಕಿ, ಲೆಕ್ಕ ಹಾಕಿದರೆ ಸೆಕೆಂಡಿಗೆ 8 ಕೆಬಿ. ಒಂದು ಎಂಬಿಯ ಫೋಟೊ ಇಳಿಯಲು ಎರಡು ನಿಮಿಷ ಬೇಕು. ಸಂಜೆ ಆರರ ಕ್ಲಾಸು ಹೋಯಿತು. ತಂಗಿ ಮಾತು ಬಿಟ್ಟಳು.

ಯಾರು ತಿಂದರು? ಎಲ್ಲರೂ ನಾನಲ್ಲ ಅಂದರು. ಒಬ್ಬೊಬ್ಬರ ಫೋನ್ ತೆಗೆದು ವೈಫೈ ಬಳಕೆ ನೋಡಿದೆ. ಮೊದಲು ಸಿಕ್ಕಿದ್ದು ಅವ್ವನ ಫೋನು! ಅವಳು ಏನೂ ನೋಡಿಲ್ಲ, ನಿಜ. ಆದರೆ ಅವಳ ವಾಟ್ಸ್ಆ್ಯಪಿನಲ್ಲಿ ಮದುವೆಯ ಎರಡು ಗ್ರೂಪು, ಒಂದು ಭಜನಾ ಮಂಡಳಿ, ಒಂದು ತವರುಮನೆ. ಬಂದ ವಿಡಿಯೊ ಎಲ್ಲ ತಾನೇ ಇಳಿದಿತ್ತು. ಮೊಬೈಲ್ ಡೇಟಾದಲ್ಲಿ ಇದ್ದಾಗ ವಾಟ್ಸ್ಆ್ಯಪ್ ಕೈ ಬಿಗಿ ಹಿಡಿಯುತ್ತದೆ. ವೈಫೈ ಅಂದಕೂಡಲೇ ಫೋಟೊ, ವಿಡಿಯೊ, ಡಾಕ್ಯುಮೆಂಟ್ ಎಲ್ಲವನ್ನೂ ಕೇಳದೆ ಇಳಿಸುತ್ತದೆ. ತಂಗಿಯ ಫೋನಿನಲ್ಲಿ ಮದುವೆಯ ಫೋಟೊಗಳು ಬ್ಯಾಕಪ್ ಆಗುತ್ತಿದ್ದವು. ಅವಳೇ ಒಮ್ಮೆ 'ವೈಫೈ ಇದ್ದಾಗ ಮಾತ್ರ' ಅಂತ ಇಟ್ಟಿದ್ದಳು, ಡೇಟಾ ಉಳಿಸಲಿಕ್ಕೆ ಅಂತ! ನನ್ನ ಲ್ಯಾಪ್‌ಟಾಪಿನ ವಿಂಡೋಸ್ ಬೇರೆ ರಾತ್ರಿಯೇ ಅಪ್‌ಡೇಟ್ ಎಳೆದುಕೊಳ್ಳಲು ಶುರು ಮಾಡಿತ್ತು.

ಹಾಟ್‌ಸ್ಪಾಟಿನ ಅಸಲು ಗೋಟಾಳೆ ಇದೇ. ಕೊಡುವ ಫೋನಿಗೆ ಅದು ಅಳೆದು ಕೊಟ್ಟ ಡೇಟಾ. ತಗೊಳ್ಳುವ ಫೋನಿಗೆ ಅದು ವೈಫೈ, ಅಂದರೆ ಬಿಟ್ಟಿ. ಬಿಟ್ಟಿ ಸಿಕ್ಕಾಗ ಮಾಡೋಣ ಅಂತ ಕಾದಿಟ್ಟ ಕೆಲಸವನ್ನೆಲ್ಲ ಅದು ಒಮ್ಮೆಗೇ ಮಾಡುತ್ತದೆ. ಆಂಡ್ರಾಯ್ಡ್ ಫೋನಿಗೆ ಇನ್ನೊಂದು ಆಂಡ್ರಾಯ್ಡಿನ ಹಾಟ್‌ಸ್ಪಾಟ್ ಸಿಕ್ಕರೆ, ಇದು ಅಳತೆಯ ಡೇಟಾ ಅಂತ ಎಷ್ಟೋ ಸಲ ತಾನೇ ಗುರುತು ಹಿಡಿಯುತ್ತದೆ. ಎಲ್ಲ ಸಲವೂ ಅಲ್ಲ. ಅದನ್ನು ನಂಬಿ ಕೂರುವ ಬದಲು ಕೈಯಾರೆ ಹೇಳುವುದೇ ಒಳ್ಳೆಯದು. ವೈಫೈ ಪಟ್ಟಿಯಲ್ಲಿ ನಮ್ಮ ಹಾಟ್‌ಸ್ಪಾಟಿನ ಹೆಸರು ಒತ್ತಿ, 'ಮೀಟರ್ಡ್' ಅಂತ ಆರಿಸಬೇಕು. ಐಫೋನಿನಲ್ಲಿ ಅದೇ ಜಾಗದಲ್ಲಿ 'ಲೋ ಡೇಟಾ ಮೋಡ್' ಇರುತ್ತದೆ. ವಿಂಡೋಸಿನಲ್ಲಿ 'ಮೀಟರ್ಡ್ ಕನೆಕ್ಷನ್'. ಗಮನಿಸಿ, ಇದನ್ನು ಮಾಡಬೇಕಾದ್ದು ತಗೊಳ್ಳುವ ಫೋನಿನಲ್ಲಿ. ಕೊಡುವ ಫೋನಿನಲ್ಲಿ ಡೇಟಾ ಸೇವರ್ ಹಾಕಿದರೆ ಆಯಿತು ಅಂದುಕೊಂಡು ನಾನು ಹಾಕಿದೆ, ಹಾಟ್‌ಸ್ಪಾಟೇ ಬಂದ್ ಆಯಿತು.

ಇದರ ಮೇಲೆ ವಾಟ್ಸ್ಆ್ಯಪಿನ ಆಟೊ ಡೌನ್‌ಲೋಡನ್ನು ನಾಲ್ಕೂ ಫೋನಿನಲ್ಲಿ ವೈಫೈಗೂ ಬಂದ್ ಮಾಡಿದೆ. ಯೂಟ್ಯೂಬಿನಲ್ಲಿ ವೈಫೈಗೆ ಬೇರೆ, ಮೊಬೈಲ್ ಡೇಟಾಕ್ಕೆ ಬೇರೆ ಕ್ವಾಲಿಟಿ ಇಡಬಹುದು. ವೈಫೈಯದ್ದನ್ನೂ ಡೇಟಾ ಸೇವರಿಗೆ ಇಳಿಸಿದೆ. ಅಂದಿನಿಂದ ರಾತ್ರಿ ಹತ್ತಕ್ಕೂ ಅರ್ಧ ಜಿಬಿ ಉಳಿದಿರುತ್ತದೆ.

ಪಾಸ್‌ವರ್ಡಿನದೂ ಒಂದು ಗಲಾಟೆ. ಮೊದಲು ತಂಗಿ ಒಂದರಿಂದ ಎಂಟರವರೆಗೆ ಅಂಕಿ ಇಟ್ಟಿದ್ದಳು. ಮುಂದಿನ ಕಟ್ಟೆಯ ಮೇಲೆ ಹುಡುಗರು ಸಂಜೆ ಜಾಸ್ತಿ ಹೊತ್ತು ಕೂರುತ್ತಿದ್ದಾರಲ್ಲ ಅನಿಸಿ ಜೋಡಿಸಿಕೊಂಡವರ ಪಟ್ಟಿ ನೋಡಿದೆ. ನಮ್ಮ ನಾಲ್ಕು, ಮೇಲೆ ಮೂರು. ಹುಡುಗರೇನೋ ಗೇಮ್ ಆಡುತ್ತಿದ್ದರು, ಇರಲಿ. ಆದರೆ ನಮ್ಮ ಹಾಟ್‌ಸ್ಪಾಟಿನಿಂದ ಯಾರೇ ಏನೇ ಮಾಡಿದರೂ ಹೊರಗೆ ಕಾಣುವುದು ನಮ್ಮ ಸಿಮ್ಮು. ನಾಳೆ ಏನಾದರೂ ಆದರೆ ಮೊದಲು ಕೇಳುವುದು ನಮ್ಮನ್ನೇ. ಉದ್ದನೆಯ ಪಾಸ್‌ವರ್ಡ್ ಹಾಕಿದೆ. ನೆಂಟರು ಬಂದಾಗ ಅದನ್ನು ಹೇಳುವುದಿಲ್ಲ, ಕ್ಯೂಆರ್ ತೋರಿಸುತ್ತೇನೆ. ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳಲ್ಲಿ ಅದು ಸಿಗುತ್ತದೆ. ಅವರು ಹೋದ ಮೇಲೆ ಪಾಸ್‌ವರ್ಡ್ ಬದಲಿಸುತ್ತೇನೆ. ಅವ್ವನಿಗೆ ಇದು ಸರಿ ಕಾಣುವುದಿಲ್ಲ. "ನೀರು ಕೇಳಿದವರಿಗಿ ಕೊಡಲ್ಲೇನು?" ಅನ್ನುತ್ತಾಳೆ.

ಬೇಸಿಗೆ ಬಂದ ಮೇಲೆ ಹೊಸ ಪಾಠ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನೆಟ್ ನಿಂತಿತು. ಹೋಗಿ ನೋಡಿದರೆ ಫೋನು ಕಾದ ಹಂಚಿನ ಹಾಗಿತ್ತು. ಬಾಗಿಲಿನಿಂದ ಒಂದು ಗಂಟೆ ಹೊತ್ತು ಮಾಡಕ್ಕೆ ನೇರ ಬಿಸಿಲು ಬೀಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಾಟ್‌ಸ್ಪಾಟ್ ಕೊಡುವ ಫೋನು ಮೊದಲೇ ಬಿಸಿ, ಚಾರ್ಜಿಗೆ ಹಾಕಿದರೆ ಇನ್ನೂ ಬಿಸಿ, ಮೇಲೆ ಕಲಬುರಗಿಯ ಬಿಸಿಲು. ಬಾಗಿಲಿಗೆ ಗೋಣಿಚೀಲದ ಪರದೆ ಕಟ್ಟಿದೆ. ಫೋನಿನ ಹಿಂದಿನ ಕವರ್ ತೆಗೆದೆ. ಕಲ್ಲಿಗೆ ಅಂಟಿಸಿ ಇಟ್ಟರೆ ಕಲ್ಲೇ ಬಿಸಿ ಹೀರುತ್ತದೆ, ಮುತ್ಯಾನ ಗೋಡೆ ಇಲ್ಲಿ ಕೆಲಸಕ್ಕೆ ಬಂತು.

ಆದರೂ ಒಂದು ತಪ್ಪು ಉಳಿದಿತ್ತು. ಹಗಲು ರಾತ್ರಿ ಚಾರ್ಜರಿಗೆ ಸಿಕ್ಕಿಸಿಯೇ ಇಟ್ಟಿದ್ದೆ. ಜೂನಿನಲ್ಲಿ ಒಂದು ದಿನ ಒರೆಸಲು ಎತ್ತಿದರೆ ಫೋನು ಕೈಯಲ್ಲಿ ತೊಟ್ಟಿಲಿನ ಹಾಗೆ ಆಡಿತು. ಹಿಂದಿನ ಮುಚ್ಚಳ ಉಬ್ಬಿ, ಅಂಚಿನಲ್ಲಿ ಬಾಯಿ ಬಿಟ್ಟಿತ್ತು. ಬ್ಯಾಟರಿ ಊದಿಕೊಂಡಿತ್ತು. ಅಂಥದ್ದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು, ಬೆಂಕಿ ಹತ್ತಬಹುದು. ಆಫ್ ಮಾಡಿ ಸೇಡಂನ ರಿಪೇರಿ ಅಂಗಡಿಗೆ ಒಯ್ದೆ. ಬ್ಯಾಟರಿ ಬದಲಿಸಿಕೊಟ್ಟ ಹುಡುಗ "ಹಾಟ್‌ಸ್ಪಾಟಿಗಿ ಇಟ್ಟಿದ್ರಿ ಹೌದಲ್ರಿ?" ಅಂತ ನೋಡಿದ ತಕ್ಷಣ ಕೇಳಿದ. ಈಗ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಮಾತ್ರ ಚಾರ್ಜು. ರಾತ್ರಿ ಹಾಟ್‌ಸ್ಪಾಟ್ ಬಂದ್. ಕರೆಂಟ್ ಹೋದರೂ ನೆಟ್ ಇರುತ್ತದೆ, ಅದು ಹಳೆಯ ಫೋನಿನ ಲಾಭ. ರೂಟರ್ ಆಗಿದ್ದರೆ ಅದೂ ಕರೆಂಟಿನ ಜೊತೆ ಹೋಗುತ್ತಿತ್ತು.

ಲ್ಯಾಪ್‌ಟಾಪಿಗೆ ಮಾತ್ರ ನಾನು ಈಗ ವೈಫೈ ಬಳಸುವುದಿಲ್ಲ. ನನ್ನ ಫೋನನ್ನೇ ವಯರಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಮಾಡುತ್ತೇನೆ, ಚಾರ್ಜೂ ಆಗುತ್ತದೆ. ಅದೂ ನಾನು ಮಾಳಿಗೆಯ ಮೇಲೆ ಕೂತಾಗ ಮಾತ್ರ. ಬ್ಲೂಟೂತಿನಿಂದಲೂ ಹಂಚಬಹುದು. ಬ್ಯಾಟರಿ ಕಡಿಮೆ ತಿನ್ನುತ್ತದೆ, ಆದರೆ ನಿಧಾನ. ವಾಟ್ಸ್ಆ್ಯಪ್ ಮೆಸೇಜಿಗೆ ಸಾಕು, ಕ್ಲಾಸಿಗೆ ಸಾಲದು.

ನಿನ್ನೆ ಸಂಜೆ ಎದುರುಮನೆಯ ಕಾಕಾ ಬಂದರು. ತೊಗರಿಯ ರೇಟು ನೋಡಬೇಕಂತೆ, ಅವರ ರೀಚಾರ್ಜ್ ಮುಗಿದಿದೆ. ರೂಢಿಯ ಹಾಗೆ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಕಟ್ಟೆಯ ಮೇಲೆ ನಿಂತುಕೊಂಡರು.

"ತಮ್ಮಾ, ನೆಟ್ ಬಿಟ್ಟೀ ಏನು? ಇಲ್ಲಿ ಏನೂ ಬರಲ್ಲ ಆಗ್ಯಾದ."

"ಬಿಟ್ಟೀನಿ ಕಾಕಾ. ಹೊರಗ ಬರಲ್ರಿ ಅದು, ಒಳಗ ಬರ್ರಿ."