ರೈಲ್ ಅಲುಗದ ಹಾಗೆ ಹಿಡಿಯುವುದು: ಕ್ವಿಕ್ ಕ್ಲ್ಯಾಂಪ್ ಜೊತೆ ನನ್ನ ಅನುಭವ

ಬೀರುವಿನ ಪಕ್ಕದ ಹಲಗೆ ಅದು. 18 ಮಿ.ಮೀ. ಪ್ಲೈವುಡ್, 2100 ಉದ್ದ, ಅಗಲ 600 ಬೇಕಿತ್ತು. ಗೆರೆ ಎಳೆದೆ. ಗರಗಸ ನೇರವಾಗಿ ಓಡಲು ದಾರಿಯಾಗುವ ಗೈಡ್ ರೈಲ್ ಅನ್ನು ಗೆರೆಗೆ ಸರಿಯಾಗಿ ಕೂರಿಸಿದೆ. ಎರಡು ತುದಿಗೂ ಎಫ್ ಕ್ಲ್ಯಾಂಪ್, ಅಂದರೆ ತಿರುಪು ತಿರುಗಿಸಿ ಬಿಗಿಯುವ ಎಫ್ ಆಕಾರದ ಹಿಡಿತ, ಹಾಕಿ ಗಟ್ಟಿಯಾಗಿ ಬಿಗಿದೆ, ಕೊಯ್ದೆ. ಆಮೇಲೆ ಟೇಪ್ ಹಿಡಿದರೆ ಒಂದು ತುದಿಯಲ್ಲಿ 600, ಇನ್ನೊಂದರಲ್ಲಿ 598. ಮೊದಲು ಗರಗಸದ ಮೇಲೆ ಅನುಮಾನ ಬಂತು. ಬ್ಲೇಡ್ ನೋಡಿದೆ, ರೈಲ್ ನೇರ ಇದೆಯಾ ಅಂತ ನೋಡಿದೆ. ಎಲ್ಲ ಸರಿಯಾಗೇ ಇತ್ತು.

ಮಾರನೇ ದಿನ ಒಂದು ಹಳೇ ತುಂಡಿನ ಮೇಲೆ ಅದೇ ಕೆಲಸ ನಿಧಾನವಾಗಿ ಮಾಡಿದೆ. ರೈಲ್ ಇಟ್ಟು ಅದರ ಅಂಚಿಗೆ ಪೆನ್ಸಿಲ್ ಗೆರೆ ಹಾಕಿದೆ. ತಿರುಪು ಬಿಗಿಯುತ್ತಾ ಆ ಗೆರೆಯನ್ನೇ ನೋಡುತ್ತಾ ಕುಳಿತೆ. ತಿರುಪು ತಿರುಗುವಾಗ ಅದರ ತುದಿಯ ಪ್ಯಾಡ್ ಕೂಡ ಸ್ವಲ್ಪ ತಿರುಗುತ್ತದೆ. ಜೊತೆಗೆ ನನ್ನ ಕೈ ಹಿಡಿಕೆಯನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಕೊನೆಯ ಅರ್ಧ ಸುತ್ತಿನಲ್ಲಿ ರೈಲ್ ಸದ್ದಿಲ್ಲದೆ ಗೆರೆ ಬಿಟ್ಟು ಸರಿಯಿತು. ಕೊಯ್ಯುವುದಕ್ಕೆ ಮೊದಲೇ ಕಟ್ ಹಾಳಾಗಿತ್ತು.

ಆಗಲೇ ನಾನು ತಿರುಪಿಲ್ಲದೆ ಒಂದೇ ಕೈಯಲ್ಲಿ ಹಿಡಿಕೆ ಒತ್ತಿ ಬಿಗಿಯುವ ಕ್ವಿಕ್ ಕ್ಲ್ಯಾಂಪ್ ಕಡೆಗೆ ಗಂಭೀರವಾಗಿ ನೋಡಿದ್ದು. ಅಲ್ಲಿಯವರೆಗೆ ಅವು ಬೇಗ ಹಾಕಿ ತೆಗೆಯುವುದಕ್ಕೆ ಇರುವ ವಸ್ತು ಅಂತ ಮಾತ್ರ ಅಂದುಕೊಂಡಿದ್ದೆ. ರೈಲ್ ಕೆಲಸದಲ್ಲಿ ಅದರ ನಿಜವಾದ ಲಾಭ ಬೇರೆ. ಹಿಡಿಕೆ ಒತ್ತಿದರೆ ದವಡೆ ಕಂಬಿಯ ಮೇಲೆ ನೇರವಾಗಿ ಮುಂದೆ ಬರುತ್ತದೆ, ತಿರುಗುವುದಿಲ್ಲ. ಎಡಗೈ ರೈಲನ್ನು ಗೆರೆಯ ಮೇಲೆ ಒತ್ತಿ ಹಿಡಿದಿರುತ್ತದೆ, ಬಲಗೈ ಕ್ಲ್ಯಾಂಪ್ ಒತ್ತುತ್ತದೆ. ಕಣ್ಣು ಗೆರೆ ಬಿಟ್ಟು ಕದಲಬೇಕಾಗಿಲ್ಲ. ಒಬ್ಬರೇ ಕೆಲಸ ಮಾಡುವವರಿಗೆ ಇದು ಎಷ್ಟು ದೊಡ್ಡದು ಅಂತ ಮಾಡಿ ನೋಡಿದವರಿಗೇ ಗೊತ್ತು.

ಅದರ ಒಳಗಿನ ಕೆಲಸವೂ ತಿಳಿದಿರಬೇಕು. ಹಿಡಿಕೆಯೊಳಗೆ ಚಿಕ್ಕ ಉಕ್ಕಿನ ಬಿಲ್ಲೆಗಳಿರುತ್ತವೆ. ಕಂಬಿ ಅವುಗಳ ತೂತಿನ ಮೂಲಕ ಹಾದುಹೋಗುತ್ತದೆ. ಹಿಡಿಕೆ ಒತ್ತಿದಾಗ ಬಿಲ್ಲೆ ಓರೆಯಾಗಿ ಕಂಬಿಯನ್ನು ಕಚ್ಚಿ ಒಂದೊಂದು ಹೆಜ್ಜೆ ತಳ್ಳುತ್ತದೆ. ಇನ್ನೊಂದು ಬಿಲ್ಲೆ ಅದು ಹಿಂದೆ ಬರದ ಹಾಗೆ ತಡೆಯುತ್ತದೆ. ಬಿಡಿಸುವ ಲಿವರ್ ಒತ್ತಿದರೆ ಈ ತಡೆಯುವ ಬಿಲ್ಲೆ ನೇರವಾಗಿ ನಿಲ್ಲುತ್ತದೆ, ಹಿಡಿತ ಹೋಗುತ್ತದೆ. ಅಂದರೆ ಇಡೀ ಹಿಡಿತ ನಿಂತಿರುವುದು ಉಕ್ಕು ಉಕ್ಕನ್ನು ಕಚ್ಚುವುದರ ಮೇಲೆ. ಹಾಗಾಗಿ ಕಂಬಿಗೆ ಎಣ್ಣೆ ಹಚ್ಚಬಾರದು, ಮೇಣವನ್ನೂ ಹಚ್ಚಬಾರದು. ನಯವಾಗಿ ಓಡಲಿ ಅಂತ ಒಮ್ಮೆ ಎಣ್ಣೆ ಹಚ್ಚಿದ್ದೆ. ಒತ್ತಿದಾಗೆಲ್ಲ ಜಾರಿತು. ಸ್ಪಿರಿಟ್ ಹಾಕಿ ಚೆನ್ನಾಗಿ ಒರೆಸಿದ ಮೇಲೆ ಮತ್ತೆ ಸರಿಹೋಯಿತು. ಒಣಗಿದ ಅಂಟು ಕಂಬಿಗೆ ಮೆತ್ತಿದ್ದರೂ ಇದೇ ಕಥೆ.

ಈ ಕ್ಲ್ಯಾಂಪ್ ಹಿಡಿದು ನಿಲ್ಲಿಸುವುದಕ್ಕೆ ಒಳ್ಳೆಯದು, ಬಲವಾಗಿ ಒತ್ತುವುದಕ್ಕೆ ಅಲ್ಲ. ಎರಡರ ವ್ಯತ್ಯಾಸ ಅಂಕಿಯಲ್ಲಿ ನೋಡಿದರೆ ಬೇಗ ಅರ್ಥವಾಗುತ್ತದೆ. ಮಧ್ಯಮ ಗಾತ್ರದ ಕ್ವಿಕ್ ಕ್ಲ್ಯಾಂಪ್ ಸುಮಾರು 135 ಕಿಲೋ ಒತ್ತಡ ಕೊಡುತ್ತದೆ. ಭಾರೀ ಕೆಲಸದ್ದು 270 ಕಿಲೋ ಆಸುಪಾಸು. ಬಿಳಿ ಮರದಂಟು ಚೆನ್ನಾಗಿ ಹಿಡಿಯಬೇಕಾದರೆ ಮೆದು ಮರಕ್ಕೆ ಚದರ ಸೆಂಟಿಮೀಟರಿಗೆ 7ರಿಂದ 10 ಕಿಲೋ ಬೇಕು, ಗಟ್ಟಿ ಮರಕ್ಕೆ 12ರಿಂದ 17. ಈಗ 18 ಮಿ.ಮೀ. ದಪ್ಪದ ಎರಡು ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸುತ್ತಿದ್ದೀರಿ ಅಂದುಕೊಳ್ಳಿ. ಬರೀ 300 ಮಿ.ಮೀ. ಉದ್ದಕ್ಕೆ 54 ಚದರ ಸೆಂಟಿಮೀಟರ್ ಆಯಿತು. 10 ಕಿಲೋ ಲೆಕ್ಕದಲ್ಲಿ 540 ಕಿಲೋ. ಅಂದರೆ ಪ್ರತಿ 300 ಮಿ.ಮೀ.ಗೆ ನಾಲ್ಕು ಮಧ್ಯಮ ಕ್ವಿಕ್ ಕ್ಲ್ಯಾಂಪ್! ಅಲ್ಲಿಗೆ ತಿರುಪಿನ ಕ್ಲ್ಯಾಂಪೇ ಸರಿ. ಮೇಜಿನ ಮೇಲ್ಹಲಗೆ ಅಂಟಿಸುವಾಗ ನಾನು ಕ್ವಿಕ್ ಕ್ಲ್ಯಾಂಪಿನಿಂದ ಹಲಗೆಗಳನ್ನು ಜೋಡಿಸಿ ನಿಲ್ಲಿಸುತ್ತೇನೆ, ಆಮೇಲೆ ತಿರುಪಿನವನ್ನು ಹಾಕಿ ಬಿಗಿಯುತ್ತೇನೆ.

ಆದರೆ ರೈಲಿಗೆ 135 ಕಿಲೋ ಧಾರಾಳ ಸಾಕು. ಅಲ್ಲಿ ತಡೆಯಬೇಕಾಗಿರುವುದು ಪಕ್ಕಕ್ಕೆ ಜಾರುವುದನ್ನು ಮಾತ್ರ. ರೈಲ್ ಅಡಿಯಲ್ಲಿ ಜಾರದಂತೆ ರಬ್ಬರಿನಂಥ ಪಟ್ಟಿ ಇರುತ್ತದಲ್ವಾ, ಅದು ಬಹಳಷ್ಟು ಕೆಲಸ ಮಾಡಿರುತ್ತದೆ. ಕ್ಲ್ಯಾಂಪೇ ಬೇಡ, ಪಟ್ಟಿ ಸಾಕು ಅನ್ನುವವರೂ ಇದ್ದಾರೆ. ಹಲಗೆ ಅಗಲವಾಗಿದ್ದು, ಮೇಲ್ಮೈ ಒರಟಾಗಿದ್ದು, ಪುಡಿ ಇಲ್ಲದೆ ಸ್ವಚ್ಛವಾಗಿದ್ದರೆ ಅವರ ಮಾತು ನಿಜ. ಆದರೆ ಪುಡಿ ಕೂತ ತಕ್ಷಣ ಆ ಪಟ್ಟಿ ಹಿಡಿತ ಬಿಡುತ್ತದೆ. ನುಣುಪಾದ ಲ್ಯಾಮಿನೇಟ್ ಮೇಲೆ ಇನ್ನೂ ಬೇಗ. ಬ್ಲೇಡ್ ಓರೆ ಮಾಡಿ 45 ಡಿಗ್ರಿಯಲ್ಲಿ ಕೊಯ್ಯುವಾಗ ಗರಗಸವೇ ರೈಲನ್ನು ಪಕ್ಕಕ್ಕೆ ತಳ್ಳುತ್ತದೆ. ಈ ಮೂರರಲ್ಲಿ ಯಾವುದೇ ಇದ್ದರೂ ನಾನು ಕ್ಲ್ಯಾಂಪ್ ಇಲ್ಲದೆ ಗರಗಸ ಶುರು ಮಾಡುವುದಿಲ್ಲ. ಕೊಯ್ಯುವ ಮುಂಚೆ ಹಲಗೆಯನ್ನೂ ಪಟ್ಟಿಯನ್ನೂ ಬಟ್ಟೆಯಿಂದ ಒರೆಸುವುದು ಅಭ್ಯಾಸವೇ ಆಗಿಬಿಟ್ಟಿದೆ.

ಇನ್ನು ನನ್ನನ್ನು ನಿಜವಾಗಿ ಹೆದರಿಸಿದ ದಿನದ ಮಾತು. ಆಗ ಟ್ರ್ಯಾಕ್ ಸಾ, ಅಂದರೆ ರೈಲಿನ ಮೇಲೆಯೇ ಕೂತು ಓಡುವ ಗರಗಸ, ಇರಲಿಲ್ಲ. ದುಂಡು ಬ್ಲೇಡಿನ ಸಾಧಾರಣ ಸರ್ಕ್ಯುಲರ್ ಸಾ ಇತ್ತು, ರೈಲ್ ನಾನೇ ಮಾಡಿಕೊಂಡಿದ್ದೆ. ತೆಳು ಪ್ಲೈವುಡ್ ತಳ, ಅದರ ಮೇಲೆ ನೇರವಾದ ಒಂದು ಪಟ್ಟಿ. ಗರಗಸದ ತಳ ಆ ಪಟ್ಟಿಗೆ ಒರಗಿ ಓಡುತ್ತದೆ. ಮೊದಲ ಸಲ ಓಡಿಸಿದಾಗ ಬ್ಲೇಡ್ ತಳದ ಅಂಚನ್ನೇ ಕೊಯ್ದುಬಿಡುತ್ತದೆ, ಆಮೇಲೆ ಆ ಅಂಚೇ ನಮ್ಮ ಗೆರೆ. ತುಂಬಾ ಒಳ್ಳೆಯ ಉಪಾಯ, ಈಗಲೂ ಹೊಸಬರಿಗೆ ಇದನ್ನೇ ಹೇಳುತ್ತೇನೆ. 18 ಮಿ.ಮೀ. ಪ್ಲೈವುಡ್ ಎಷ್ಟೋ ಸಲ ಕೊಯ್ದಿದ್ದೆ, ಏನೂ ತೊಂದರೆ ಇರಲಿಲ್ಲ. ಒಂದು ದಿನ 38 ಮಿ.ಮೀ. ದಪ್ಪದ ಬಾಗಿಲನ್ನು ಅದೇ ರೈಲಿನಲ್ಲಿ ಕೊಯ್ಯಲು ಹೊರಟೆ. ಕ್ಲ್ಯಾಂಪ್ ಹಾಕಿದ್ದು ಅದೇ ಜಾಗದಲ್ಲಿ. ಇನ್ನೇನು ಕೊನೆ ಮುಟ್ಟಬೇಕು, ಗರಗಸದ ಮೋಟಾರು ಕ್ಲ್ಯಾಂಪಿನ ತಲೆಗೆ ಬಡಿದು ನಿಂತಿತು. ಬ್ಲೇಡ್ ಮರದೊಳಗೆ ತಿರುಗುತ್ತಲೇ ಇತ್ತು. ಗರಗಸವನ್ನು ಅಲ್ಲೇ ಅದುಮಿ ಹಿಡಿದು ಸ್ವಿಚ್ ಬಿಟ್ಟೆ. ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕೈ ಎತ್ತಲಿಲ್ಲ. ಕೈ ನಡುಗುತ್ತಿತ್ತು.

ಕಾರಣ ಸರಳ. ಬ್ಲೇಡ್ ಕಡಿಮೆ ಆಳಕ್ಕೆ ಇಟ್ಟಾಗ ಗರಗಸದ ತಳ ಕೆಳಗಿರುತ್ತದೆ, ಮೋಟಾರು ಮೇಲಿರುತ್ತದೆ. ಆಳ ಜಾಸ್ತಿ ಮಾಡಿದಷ್ಟೂ ಮೋಟಾರು ತಳಕ್ಕೆ ಹತ್ತಿರ ಇಳಿಯುತ್ತದೆ. ತೆಳು ಹಲಗೆಯಲ್ಲಿ ಕ್ಲ್ಯಾಂಪಿನ ಮೇಲೆ ಹಾದುಹೋದ ಮೋಟಾರು ದಪ್ಪ ಹಲಗೆಯಲ್ಲಿ ಅದಕ್ಕೇ ಬಡಿಯುತ್ತದೆ. ಟ್ರ್ಯಾಕ್ ಸಾದಲ್ಲೂ ಇದೇ. ಬ್ಲೇಡನ್ನು ಕೆಳಗೆ ಒತ್ತಿದಾಗ ಮೋಟಾರೂ ಜೊತೆಗೇ ಇಳಿಯುತ್ತದೆ.

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಗರಗಸದ ಪ್ಲಗ್ ಕಿತ್ತು, ಬೇಕಾದ ಆಳಕ್ಕೆ ಬ್ಲೇಡ್ ಇಡುತ್ತೇನೆ. ಗರಗಸದ ತಳಕ್ಕೂ ಮೋಟಾರಿನ ಅಡಿಗೂ ನಡುವೆ ಎಷ್ಟು ಜಾಗ ಉಳಿಯಿತು ಅಂತ ನೋಡಿ, ಅಷ್ಟೇ ಎತ್ತರದ ಒಂದು ಮರದ ಚೂರು ಮಾಡಿಕೊಳ್ಳುತ್ತೇನೆ. ಗರಗಸ ಓಡುವ ಮೇಲ್ಮೈ ಮೇಲೆ ಆ ಚೂರನ್ನು ನಿಲ್ಲಿಸಿ ಕ್ಲ್ಯಾಂಪಿನ ಪಕ್ಕಕ್ಕೆ ತರುತ್ತೇನೆ. ಕ್ಲ್ಯಾಂಪಿನ ತಲೆ ಚೂರಿಗಿಂತ ಮೇಲೆ ಕಂಡರೆ ಅದಕ್ಕೆ ಅಲ್ಲಿ ಜಾಗವಿಲ್ಲ. ಅರ್ಧ ನಿಮಿಷದ ಕೆಲಸ.

ಇದಕ್ಕೆಲ್ಲ ಒಳ್ಳೆಯ ಪರಿಹಾರ ಕ್ಲ್ಯಾಂಪನ್ನು ರೈಲಿನ ಅಡಿಯಿಂದಲೇ ಹಿಡಿಸುವುದು. ಫೆಸ್ಟೂಲ್, ಮಕಿಟಾ ತರಹದ ಅಲ್ಯೂಮಿನಿಯಂ ರೈಲುಗಳ ಕೆಳಭಾಗದಲ್ಲಿ ಉದ್ದಕ್ಕೂ ಒಂದು ಗಾಡಿ, ಅಂದರೆ ಕಾಲುವೆಯಂಥ ತೋಡು, ಇರುತ್ತದೆ. ಕ್ಲ್ಯಾಂಪಿನ ಮೇಲಿನ ದವಡೆ ಆ ಗಾಡಿಯೊಳಗೆ ಜಾರಿ ಕೂರುತ್ತದೆ. ಕೆಳಗಿನ ದವಡೆ ಹಲಗೆಯನ್ನು ಅಡಿಯಿಂದ ಒತ್ತುತ್ತದೆ. ರೈಲ್ ಮೇಲೆ ಏನೂ ಇರುವುದಿಲ್ಲ, ಗರಗಸ ಈ ತುದಿಯಿಂದ ಆ ತುದಿಗೆ ಅಡ್ಡಿಯಿಲ್ಲದೆ ಓಡುತ್ತದೆ. ಇನ್ನೊಂದು ಅನುಕೂಲ ಇದೆ. ಗರಗಸದ ತಳ ಮೊದಲು ರೈಲ್ ಮೇಲೆ ಪೂರ್ತಿ ಕೂತು, ಆಮೇಲೆ ಬ್ಲೇಡ್ ಮರಕ್ಕೆ ತಾಗಬೇಕು. ಅದಕ್ಕಾಗಿ ರೈಲ್ ಹಲಗೆಗಿಂತ ಎರಡೂ ಕಡೆ 150 ಮಿ.ಮೀ. ಆದರೂ ಉದ್ದ ಇರಬೇಕು. ಹಾಗೆ ಚಾಚಿದ ರೈಲಿಗೆ ತುದಿಯಲ್ಲಿ ಮೇಲಿನಿಂದ ಕ್ಲ್ಯಾಂಪ್ ಹಾಕಲು ಹೋದರೆ ದವಡೆ ಹಲಗೆಯವರೆಗೆ ಮುಟ್ಟುವುದೇ ಇಲ್ಲ. ಗಾಡಿಯಲ್ಲಾದರೆ ಕ್ಲ್ಯಾಂಪನ್ನು ಹಲಗೆಯ ಅಂಚಿನವರೆಗೂ ಜಾರಿಸಿಕೊಂಡು ಹೋಗಬಹುದು. ಗಾಡಿಯ ಅಳತೆ ಎಲ್ಲಾ ರೈಲುಗಳಲ್ಲೂ ಒಂದೇ ಇರುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ರೈಲಿಗೆ ಹೊಂದುತ್ತದಾ ಅಂತ ನೋಡಲೇಬೇಕು.

ಮನೆಯಲ್ಲೇ ಮಾಡಿದ ರೈಲಿಗೆ ಗಾಡಿ ಇರುವುದಿಲ್ಲವಲ್ಲ. ಅದಕ್ಕೆ ನಾನು ಪಟ್ಟಿಯ ಹಿಂಭಾಗದ ತಳವನ್ನು ಎರಡೂ ತುದಿಯಲ್ಲಿ ಹಿಂದಕ್ಕೆ ಕತ್ತರಿಸಿದೆ. ಗರಗಸ ಓಡುವ ಭಾಗ ಉದ್ದ ಚಾಚಿರುತ್ತದೆ, ಕ್ಲ್ಯಾಂಪ್ ಹಿಡಿಯುವ ಭಾಗ ಹಲಗೆಯ ಅಂಚಿಗೇ ಮುಗಿಯುತ್ತದೆ. ದವಡೆ ಪೂರ್ತಿ ಒಳಗೆ ಹೋಗಿ ಹಿಡಿಯುತ್ತದೆ.

ಹಿಡಿಕೆ ಯಾವ ಕಡೆ ಬರುತ್ತದೆ ಅನ್ನುವುದೂ ಮುಖ್ಯ. ಕ್ವಿಕ್ ಕ್ಲ್ಯಾಂಪಿನ ಹಿಡಿಕೆ ದಪ್ಪ. ಅದು ಕೆಳಗಿರಬೇಕು. ನೆಲದ ಮೇಲೆ ಫೋಮ್ ಹಾಸಿ ಹಲಗೆ ಇಟ್ಟರೆ ಕೊಯ್ಯುವುದಕ್ಕೆ ಚೆಂದ, ಆದರೆ ಹಿಡಿಕೆಗೆ ಕೆಳಗೆ ಜಾಗವಿಲ್ಲ. ಹಿಡಿಕೆ ಮೇಲೆ ಬಂದರೆ ಮತ್ತೆ ಮೋಟಾರಿಗೆ ಅಡ್ಡ. ಈಗ ನಾನು ಎರಡು ಕುದುರೆ ಸ್ಟ್ಯಾಂಡುಗಳ ಮೇಲೆ ಉದ್ದ ರೀಪರುಗಳನ್ನು ಇಟ್ಟು, ಅದರ ಮೇಲೆ 50 ಮಿ.ಮೀ. ಗಟ್ಟಿ ಫೋಮ್ ಹಾಸುತ್ತೇನೆ. ಫೋಮ್ ಮತ್ತು ರೀಪರ್ ಎರಡೂ ಹಲಗೆಗಿಂತ ಪ್ರತಿ ತುದಿಯಲ್ಲಿ 100 ಮಿ.ಮೀ. ಕಡಿಮೆ. ಕ್ಲ್ಯಾಂಪ್ ಆ ಜಾಗದಲ್ಲಿ ಆರಾಮಾಗಿ ಇಳಿಬಿದ್ದಿರುತ್ತದೆ. ಬ್ಲೇಡ್ ಹಲಗೆಗಿಂತ 2-3 ಮಿ.ಮೀ. ಮಾತ್ರ ಕೆಳಗೆ ಬರುವ ಹಾಗೆ ಆಳ ಇಟ್ಟರೆ ಫೋಮ್ ಬಹಳ ಕಾಲ ಬಾಳುತ್ತದೆ. ಕೊಯ್ದು ಬೇರೆಯಾಗುವ ತುಂಡಿಗೂ ಅಡಿಯಲ್ಲಿ ಆಸರೆ ಸಿಗುತ್ತದೆ. ಇದು ಬಹಳ ಮುಖ್ಯ. ಆಸರೆ ಇಲ್ಲದೆ ತುಂಡು ಬಾಗಿದರೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಅಮುಕುತ್ತದೆ, ಗರಗಸ ಹಿಂದಕ್ಕೆ ಚಿಮ್ಮುತ್ತದೆ. ಗೆರೆಯ ಎರಡೂ ಕಡೆಯನ್ನು ಒಟ್ಟಿಗೆ ಹಿಡಿಯುವ ಹಾಗೆ ಅಡ್ಡಲಾಗಿ ಕ್ಲ್ಯಾಂಪ್ ಹಾಕುವುದೂ ಇದೇ ಕಾರಣಕ್ಕೆ ಅಪಾಯ.

ಬಿಗಿಯುವ ಕ್ರಮ ಹೀಗೆ. ಎರಡೂ ತುದಿಯ ಗುರುತಿಗೆ ರೈಲ್ ಇಡುತ್ತೇನೆ. ದೂರದ ತುದಿಯನ್ನು ಒಂದೇ ಒತ್ತಿಗೆ ಹಗುರವಾಗಿ ಹಿಡಿಸುತ್ತೇನೆ. ಹತ್ತಿರದ ತುದಿಗೆ ಬಂದು ಗುರುತು ನೋಡಿ ಹಿಡಿಸುತ್ತೇನೆ. ಮತ್ತೆ ದೂರದ ತುದಿಗೆ ಹೋಗಿ ನೋಡಿ, ಅಲ್ಲಿ ಪೂರ್ತಿ ಬಿಗಿದು, ಬಂದು ಇಲ್ಲೂ ಬಿಗಿಯುತ್ತೇನೆ. ಕೊನೆಗೆ ಎರಡೂ ಕಡೆ ಇನ್ನೊಮ್ಮೆ ಟೇಪ್. ಓಡಾಟ ಜಾಸ್ತಿ, ನಿಜ. ಆದರೆ 2440 ಉದ್ದದ ಹಾಳೆ ಹಾಳಾದರೆ ಆಗುವ ಸಂಕಟ ಅದಕ್ಕಿಂತ ಜಾಸ್ತಿ.

ಆರಿಸುವಾಗ ನಾನು ನೋಡುವುದು ಕೆಲವೇ ವಿಷಯ. ಬಿಡಿಸುವ ಲಿವರ್ ಹಿಡಿಕೆ ಹಿಡಿದ ಬೆರಳಿಗೇ ಸಿಗಬೇಕು. ಇನ್ನೊಂದು ಕೈ ಬೇಕಾದರೆ ಒಂದೇ ಕೈಯ ಕ್ಲ್ಯಾಂಪ್ ಅನ್ನುವುದಕ್ಕೆ ಅರ್ಥವೇ ಇಲ್ಲ. ಪ್ಯಾಡ್ ಸುಲಭವಾಗಿ ಕಳಚಿ ಬೀಳಬಾರದು. ಅಂಗಡಿಯಲ್ಲೇ ಒಂದು ಚೂರು ಮರ ಹಿಡಿಸಿ ಗಟ್ಟಿಯಾಗಿ ಒತ್ತಿ, ಕಂಬಿ ಎಷ್ಟು ಬಾಗುತ್ತದೆ ನೋಡಿ. ಸ್ವಲ್ಪ ಬಾಗುವುದು ಸಹಜ. ದವಡೆ ಕಣ್ಣಿಗೆ ಕಾಣುವಷ್ಟು ಓರೆಯಾದರೆ ಬೇಡ. ರೈಲಿಗೆ 150 ಮಿ.ಮೀ. ಬಾಯಿ ತೆರೆಯುವುದು ಸಾಕು, ನನ್ನ ಮಟ್ಟಿಗೆ ಅದೇ ಒಳ್ಳೆಯದು. ಉದ್ದದ್ದು ತಗೊಂಡರೆ ಎಲ್ಲಕ್ಕೂ ಆಗುತ್ತದೆ ಅನ್ನಿಸುತ್ತದೆ, ಆದರೆ ಉಳಿದ ಕಂಬಿ ಕೆಳಗೆ ನೇತಾಡಿ ಸ್ಟ್ಯಾಂಡಿನ ಕಾಲಿಗೋ ನಮ್ಮ ಮೊಣಕಾಲಿಗೋ ತಾಗುತ್ತದೆ. ಒಂದೇ ಬಗೆಯ ಎರಡೆರಡು ಕೊಳ್ಳಿ. ಬೇರೆ ಬೇರೆ ಬಗೆಯಾದರೆ ಒಂದೊಂದರ ಒತ್ತು ಒಂದೊಂದು ರೀತಿ, ಕೈಗೆ ಅಂದಾಜು ಸಿಗುವುದಿಲ್ಲ.

ಕಡಿಮೆ ಅಗಲದ ಪಟ್ಟಿ ಕೊಯ್ಯುವುದು ಮಾತ್ರ ಬಹಳ ದಿನ ಕಾಡಿತು. 60 ಮಿ.ಮೀ. ಪಟ್ಟಿಯ ಮೇಲೆ ಅದರ ಮೂರರಷ್ಟು ಅಗಲದ ರೈಲ್ ನಿಲ್ಲುವುದಾದರೂ ಹೇಗೆ? ಒಂದು ಕಡೆ ವಾಲುತ್ತದೆ, ಕ್ಲ್ಯಾಂಪ್ ಬಿಗಿದಷ್ಟೂ ಇನ್ನಷ್ಟು ವಾಲುತ್ತದೆ. ಈಗ ಅದೇ ದಪ್ಪದ ಇನ್ನೊಂದು ಹಲಗೆಯನ್ನು ಪಕ್ಕದಲ್ಲಿ ತಾಗಿಸಿ ಇಡುತ್ತೇನೆ. ರೈಲ್ ಎರಡರ ಮೇಲೂ ಸಮವಾಗಿ ಕೂರುತ್ತದೆ. ಆದರೆ ಕ್ಲ್ಯಾಂಪ್ ಬೀಳಬೇಕಾಗಿರುವುದು ಕೊಯ್ಯುವ ಪಟ್ಟಿಯ ಮೇಲೆ, ಆಸರೆ ಹಲಗೆಯ ಮೇಲೆ ಅಲ್ಲ. ರೈಲಿನ ಗಾಡಿ ಆಸರೆಯ ಮೇಲೆ ಬಂದರೆ ಪಟ್ಟಿಯನ್ನು ಆಸರೆಗೆ ಅಡಿಯಿಂದ ಎರಡು ಅಡ್ಡ ತುಂಡು ಹಾಕಿ ಸ್ಕ್ರೂ ಮಾಡಿಬಿಡುತ್ತೇನೆ. ಸ್ಕ್ರೂ ಬ್ಲೇಡಿನ ದಾರಿಗೆ ಬರದ ಹಾಗೆ ನೋಡಿಕೊಂಡರೆ ಆಯಿತು. ಆಮೇಲೆ ಅವೆರಡೂ ಒಂದೇ ಹಲಗೆ ಇದ್ದ ಹಾಗೆ. ಎಲ್ಲಿ ಕ್ಲ್ಯಾಂಪ್ ಹಿಡಿಸಿದರೂ ಪಟ್ಟಿ ಅಲುಗುವುದಿಲ್ಲ.